ಆಡ್ಲರನ ಪಾಲು

ಶಿಕಾಗೋದ 'ಆಡ್ಲರ್ ಅಂಡ್ ಸಲಿವನ್' ಸಂಸ್ಥೆಯ ಹೆಸರು ಕೇಳಿದವರಿಗೆ ಅದರಲ್ಲಿ ಎರಡನೆಯದಾಗಿ ಬರುವ ಹೆಸರೇ ಹೆಚ್ಚು ಪರಿಚಿತ. ಲೂಯಿ ಸಲಿವನ್ ಎಂದರೆ ಎತ್ತರದ ಕಟ್ಟಡಕ್ಕೆ ತನ್ನದೇ ಆದ ಮುಖ ಕೊಟ್ಟವನು, ಉಪಯೋಗ ಮುಂದೆ, ರೂಪ ಅದರ ಹಿಂದೆ ಎಂಬ ಸೂತ್ರವನ್ನು ಇಪ್ಪತ್ತನೆಯ ಶತಮಾನಕ್ಕೆ ದಾಟಿಸಿದವನು, ಫ್ರಾಂಕ್ ಲಾಯ್ಡ್ ರೈಟನ ಗುರು. ಫಲಕದಲ್ಲಿ ಮೊದಲು ಬರೆದಿದ್ದ ಡ್ಯಾಂಕ್ಮಾರ್ ಆಡ್ಲರ್ ಯಾರು ಎಂದು ವಿಚಾರಿಸಿದರೆ ಬಹುತೇಕ ಪುಸ್ತಕಗಳು ಒಂದೇ ಸಾಲಿನಲ್ಲಿ ಉತ್ತರಿಸುತ್ತವೆ: ಆತ ಎಂಜಿನಿಯರು, ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಈ ಟಿಪ್ಪಣಿ ಆ ಒಂದು ಸಾಲಿನ ಕುರಿತದ್ದು. ಆ ಸಾಲು ಕಟ್ಟಡಗಳನ್ನು ನೋಡಿ ಹುಟ್ಟಿದ್ದಲ್ಲ, ಇಬ್ಬರಲ್ಲಿ ಯಾರು ಹೆಚ್ಚು ಬರೆದರು ಎಂಬುದರಿಂದ ಹುಟ್ಟಿದ್ದು ಎಂಬುದು ನನ್ನ ವಾದ.

ಮೊದಲು ಬದುಕಿನ ವಿವರ. ಆಡ್ಲರ್ 1844ರ ಜುಲೈ 3ರಂದು ಜರ್ಮನಿಯ ಥುರಿಂಜಿಯಾ ಸೀಮೆಯ ಸ್ಟಾಟ್‌ಲೆಂಗ್ಸ್‌ಫೆಲ್ಡ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದ. ತಾಯಿ ಹೆರಿಗೆಯಲ್ಲೇ ತೀರಿಕೊಂಡಳು. ತಂದೆ ಲೀಬ್‌ಮನ್ ಆಡ್ಲರ್ ಯಹೂದಿ ಗುರು, ರಬ್ಬಿ. ಮಗುವಿಗೆ ಆತ ಇಟ್ಟ ಹೆಸರಿನಲ್ಲಿ ಎರಡು ಭಾಷೆಗಳು ಕೂಡಿವೆ ಎಂದು ಹೇಳುತ್ತಾರೆ. ಜರ್ಮನ್ನಿನ 'ಡಾಂಕ್' ಎಂದರೆ ಕೃತಜ್ಞತೆ, ಹೀಬ್ರೂವಿನ 'ಮಾರ್' ಎಂದರೆ ಕಹಿ. ಮಗ ದಕ್ಕಿದ ಸಮಾಧಾನ, ಹೆಂಡತಿ ಹೋದ ಸಂಕಟ, ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿದ ತಂದೆಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1854ರಲ್ಲಿ ಕುಟುಂಬ ಅಮೆರಿಕಕ್ಕೆ ಬಂತು. ಮೊದಲು ಡೆಟ್ರಾಯಿಟ್, 1861ರಲ್ಲಿ ಶಿಕಾಗೋ. ಅಲ್ಲಿ ತಂದೆ 'ಕೆಹಿಲತ್ ಅನ್ಶೇ ಮಾರಿವ್' ಎಂಬ ಯಹೂದಿ ಸಭೆಯ ರಬ್ಬಿಯಾದ. ಈ ಸಭೆ ಟಿಪ್ಪಣಿಯ ಕೊನೆಯಲ್ಲಿ ಮತ್ತೆ ಬರುತ್ತದೆ.

ಆಡ್ಲರ್ ವಾಸ್ತುಶಿಲ್ಪದ ಶಾಲೆಗೆ ಹೋದವನಲ್ಲ. ಡೆಟ್ರಾಯಿಟ್ಟಿನಲ್ಲೂ ಶಿಕಾಗೋದಲ್ಲೂ ವಾಸ್ತುಶಿಲ್ಪಿಗಳ ಕಚೇರಿಗಳಲ್ಲಿ ನಕ್ಷೆ ಬಿಡಿಸುತ್ತ ಕಲಿತವನು. 1862ರಲ್ಲಿ ಅಂತರ್ಯುದ್ಧದಲ್ಲಿ ಉತ್ತರದವರ ಪರವಾಗಿ ಇಲಿನಾಯ್ ಫಿರಂಗಿ ದಳ ಸೇರಿದ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಸೇನೆಯ ಭೂನಕ್ಷಾ ಎಂಜಿನಿಯರುಗಳ ಕಚೇರಿಯಲ್ಲಿ ನಕ್ಷೆಗಾರನಾಗಿದ್ದ. ನೆಲದ ಏರುತಗ್ಗು ನೋಡುವುದು, ಭಾರ ಹೊರುವ ಸೇತುವೆ ಹಾಕುವುದು, ಇದ್ದ ಸಾಮಾನಿನಲ್ಲೇ ಕೆಲಸ ಸಾಗಿಸುವುದು, ಇವು ಅಂಥ ಕಚೇರಿಯ ನಿತ್ಯದ ವಿಚಾರಗಳು. ಆತನ ಮುಂದಿನ ಕೆಲಸದಲ್ಲಿ ಕಾಣುವ ನಿಲುವಿಗೆ ಇಲ್ಲಿ ಬೇರಿದೆ ಎಂದು ನನಗೆ ಅನ್ನಿಸುತ್ತದೆ. ಇದು ಊಹೆ, ಊಹೆಯಾಗಿಯೇ ಇರಲಿ.

1871ರ ಅಕ್ಟೋಬರಿನಲ್ಲಿ ಶಿಕಾಗೋ ಸುಟ್ಟುಹೋಯಿತು. ಹದಿನೇಳು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು, ಸುಮಾರು ಒಂದು ಲಕ್ಷ ಜನ ಬೀದಿಗೆ ಬಿದ್ದರು. ಆ ವರ್ಷವೇ ಆಡ್ಲರ್ ಹಿರಿಯ ವಾಸ್ತುಶಿಲ್ಪಿ ಎಡ್ವರ್ಡ್ ಬರ್ಲಿಂಗನ ಪಾಲುದಾರನಾಗಿದ್ದ. ಊರನ್ನು ಮತ್ತೆ ಕಟ್ಟುವ ಕೆಲಸ ಮೈಮೇಲೆ ಬಂತು. ಎಂಟು ವರ್ಷ ದುಡಿದು 1879ರಲ್ಲಿ ಸ್ವತಂತ್ರನಾದ. ಅದೇ ವರ್ಷ 'ಸೆಂಟ್ರಲ್ ಮ್ಯೂಸಿಕ್ ಹಾಲ್' ಮುಗಿಯಿತು. ಒಂದೇ ಕಟ್ಟಡದಲ್ಲಿ ಸಭಾಂಗಣ, ಅಂಗಡಿ, ಕಚೇರಿಗಳು. ಬಾಡಿಗೆಯ ಹಣ ಸಂಗೀತವನ್ನು ಸಾಕುವ ಏರ್ಪಾಡು. ಹಾಲಿನಲ್ಲಿ ದನಿ ಚೆನ್ನಾಗಿ ಕೇಳುತ್ತದೆ ಎಂಬ ಮಾತು ಊರೆಲ್ಲ ಹಬ್ಬಿತು. ಸಲಿವನ್ ಬರುವ ಮುನ್ನವೇ ಆಡ್ಲರನಿಗೆ ಹೆಸರಿತ್ತು, ಗಿರಾಕಿಗಳಿದ್ದರು, ದನಿಯ ಕಟ್ಟಡಗಾರ ಎಂಬ ಖ್ಯಾತಿಯೂ ಇತ್ತು.

ಸಲಿವನ್ 1856ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವನು, ಆಡ್ಲರನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಪ್ಯಾರಿಸ್ಸಿನ ಪ್ರಸಿದ್ಧ ಕಲಾಶಾಲೆಯ ರುಚಿ ನೋಡಿ ಬಂದಿದ್ದ. ಇಬ್ಬರೂ ಪಾಲುದಾರರಾದದ್ದು ಯಾವಾಗ? ಸಲಿವನ್ ತನ್ನ ಕೊನೆಗಾಲದಲ್ಲಿ ಬರೆದ, 1924ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ 1881ರ ಮೇ 1 ಎಂದು ಹೇಳುತ್ತಾನೆ. ಸಂಶೋಧಕರು ಆ ಕಾಲದ ದಾಖಲೆಗಳನ್ನು ಹಿಡಿದು ತೋರಿಸಿರುವುದು ಬೇರೆ: 1882ರಲ್ಲಿ 'ಡಿ. ಆಡ್ಲರ್ ಅಂಡ್ ಕಂಪನಿ', 'ಆಡ್ಲರ್ ಅಂಡ್ ಸಲಿವನ್' ಎಂಬ ಹೆಸರು 1883ರಿಂದ. ಎರಡು ವರ್ಷದ ವ್ಯತ್ಯಾಸ ದೊಡ್ಡದಲ್ಲ. ನಲವತ್ತು ವರ್ಷಗಳ ಆಚೆಯಿಂದ ನೆನೆಯುವ ಮುದುಕನಿಗೆ ತಾರೀಖು ತಪ್ಪುವುದು ಸಹಜ. ಆದರೆ ಸಂಸ್ಥೆಯ ಚರಿತ್ರೆಯ ಹೆಚ್ಚಿನ ಪಾಲು ಇದೇ ನೆನಪಿನ ಮೇಲೆ ನಿಂತಿದೆ ಎಂಬುದನ್ನು ಮರೆಯಬಾರದು. ಸಲಿವನ್ ಬರೆದ, 1932ರಲ್ಲಿ ರೈಟ್ ತನ್ನ ಆತ್ಮಕಥೆ ಬರೆದ. ಆಡ್ಲರನದು ವೃತ್ತಿಯ ಸಭೆಗಳಿಗೆ, ಪತ್ರಿಕೆಗಳಿಗೆ ಬರೆದ ಪ್ರಬಂಧಗಳು: ಅಡಿಪಾಯ, ರಂಗಮಂದಿರ, ಉಕ್ಕು, ಕಾನೂನು. ಅವನ್ನು ಸಾಹಿತ್ಯವೆಂದು ಓದುವವರಿಲ್ಲ.

ಸಲಿವನ್ ಕೃತಘ್ನನಾಗಿದ್ದ ಎಂದು ನಾನು ಹೇಳುತ್ತಿಲ್ಲ. ಆಡ್ಲರನ ಪ್ರಾಮಾಣಿಕತೆಯನ್ನು, ಕಿರಿಯನಿಗೆ ಕೈಬಿಟ್ಟು ಕೆಲಸ ಕೊಟ್ಟ ದೊಡ್ಡತನವನ್ನು ಆತ ಮನಸಾರೆ ನೆನೆದಿದ್ದಾನೆ. ತೊಂದರೆ ಇರುವುದು ಆ ಹೊಗಳಿಕೆಯ ಬಗೆಯಲ್ಲಿ. ಸ್ವಭಾವಕ್ಕೆ ಸಿಕ್ಕಷ್ಟು ಮನ್ನಣೆ ಕಲ್ಪನೆಗೆ ಸಿಗುವುದಿಲ್ಲ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು 'ಆಡಿಟೋರಿಯಂ' ಕಟ್ಟಡಕ್ಕಿಂತ ತಕ್ಕದ್ದು ಇಲ್ಲ. ಶಿಕಾಗೋದ ಸಿರಿವಂತ ಫರ್ಡಿನಂಡ್ ಪೆಕ್‌ಗೆ ಎಲ್ಲ ವರ್ಗದ ಜನಕ್ಕೂ ಆಪೆರಾ ಕೇಳಿಸಬೇಕೆಂಬ ಹಂಬಲವಿತ್ತು. 1885ರಲ್ಲಿ ಹಳೆಯ ವಸ್ತುಪ್ರದರ್ಶನ ಭವನದ ಒಳಗೆ ಎರಡು ವಾರದ ಆಪೆರಾ ಉತ್ಸವಕ್ಕೆಂದು ಆರು ಸಾವಿರಕ್ಕೂ ಮೀರಿದ ಆಸನಗಳ ತಾತ್ಕಾಲಿಕ ರಂಗಮಂದಿರವನ್ನು ಆಡ್ಲರ್ ಮತ್ತು ಸಲಿವನ್ ಕಟ್ಟಿಕೊಟ್ಟರು. ಮರದ ಆ ಪ್ರಯೋಗ ಗೆದ್ದಿತು. ಮರುವರ್ಷ ಶಾಶ್ವತ ಕಟ್ಟಡಕ್ಕೆ ಸಂಘ ಸ್ಥಾಪನೆಯಾಯಿತು. ಆ 1886 ಶಿಕಾಗೋ ಪಾಲಿಗೆ ನೆತ್ತರಿನ ವರ್ಷ, ಹೇಮಾರ್ಕೆಟ್ ಚೌಕದಲ್ಲಿ ಕಾರ್ಮಿಕರ ಸಭೆ, ಬಾಂಬು, ಗೋಲಿಬಾರು ನಡೆದ ವರ್ಷ. ಒಡೆದ ಊರನ್ನು ಸಂಗೀತ ಕೂಡಿಸೀತೆಂಬ ಪೆಕ್‌ನ ನಂಬಿಕೆಯನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು.

ಹತ್ತು ಅಂತಸ್ತಿನ ಒಡಲು, ಹದಿನೇಳು ಅಂತಸ್ತಿನ ಗೋಪುರ. ಒಳಗೆ ನಾಲ್ಕು ಸಾವಿರದ ಇನ್ನೂರಕ್ಕೂ ಹೆಚ್ಚು ಆಸನಗಳ ರಂಗಮಂದಿರ, ಅದನ್ನು ಸುತ್ತಿಕೊಂಡು ನಾನೂರು ಕೋಣೆಗಳ ಹೋಟೆಲು, ನೂರಕ್ಕೂ ಮಿಗಿಲಾದ ಕಚೇರಿಗಳು. ಒಟ್ಟು ತೂಕ ಸುಮಾರು 1,10,000 ಟನ್. ಈ ಭಾರವನ್ನು ಹೊರಬೇಕಾದ ನೆಲವೋ ಮೆತ್ತಗಿನ ಜೇಡಿ. ಶಿಕಾಗೋದಲ್ಲಿ ಮೇಲಿನ ಪದರದ ಕೆಳಗೆ ಗಟ್ಟಿ ಜೇಡಿಯ ತೆಳು ಹೊದಿಕೆ ಇದೆ, ಅದರ ಕೆಳಗೆ ಕಣಕದಂಥ ಮಣ್ಣು. ಬಂಡೆ ಸಿಗುವುದು ನೂರಡಿಗೂ ಕೆಳಗೆ. ಮುಳುಗದ ಕಟ್ಟಡ ಅಲ್ಲಿ ಸಾಧ್ಯವಿರಲಿಲ್ಲ. ಕಟ್ಟಡವೆಲ್ಲ ಸಮನಾಗಿ ಮುಳುಗುವಂತೆ ನೋಡಿಕೊಳ್ಳುವುದೇ ಜಾಣತನ. ಪ್ರತಿ ಕಂಬದ ಭಾರಕ್ಕೆ ತಕ್ಕಷ್ಟು ಅಗಲದ ಪಾದ ಕೊಟ್ಟರೆ ಎಲ್ಲವೂ ಒಟ್ಟಿಗೆ ಇಳಿಯುತ್ತವೆ ಎಂದು ಫ್ರೆಡರಿಕ್ ಬೌಮನ್ 1873ರಲ್ಲಿಯೇ ಕಿರುಹೊತ್ತಗೆಯಲ್ಲಿ ವಿವರಿಸಿದ್ದ.

ಆದರೆ ಗೋಪುರದ ಭಾರ ಪಕ್ಕದ ಗೋಡೆಗಳಿಗಿಂತ ಬಹಳ ಹೆಚ್ಚು. ಎರಡೂ ಬೇರೆ ಬೇರೆ ವೇಗದಲ್ಲಿ ಕುಸಿದರೆ ನಡುವೆ ಬಿರುಕು ಖಚಿತ. ಆಡ್ಲರ್, ಅವನ ಕಚೇರಿಯ ಎಂಜಿನಿಯರ್ ಪಾಲ್ ಮ್ಯೂಲರ್ ಕೂಡಿ ಗೋಪುರದಡಿ ಒಂದು ದೊಡ್ಡ ತೆಪ್ಪವನ್ನೇ ಹಾಸಿದರು: ರೈಲುಹಳಿಯ ಕೆಳಗಿಡುವಂಥ ಮರದ ದಿಮ್ಮಿಗಳು, ಅವುಗಳ ಮೇಲೆ ಅಡ್ಡಡ್ಡ ಉಕ್ಕಿನ ಹಳಿಗಳು, ಕಾಂಕ್ರೀಟು, ನೀರು ತಾಗದಂತೆ ಡಾಂಬರಿನ ಲೇಪ. ಬಳಿಕ ಆಡ್ಲರ್ ಮಾಡಿದ್ದು ನನ್ನ ಮಟ್ಟಿಗೆ ಈ ಕಟ್ಟಡದ ಕಥೆಯಲ್ಲೇ ಅತಿ ಸುಂದರ ಉಪಾಯ. ಗೋಪುರ ಇನ್ನೂ ಕುಳ್ಳಗಿರುವಾಗಲೇ ಅದರೊಳಗೆ ಬೀಡುಕಬ್ಬಿಣದ ಗಟ್ಟಿಗಳನ್ನೂ ಇಟ್ಟಿಗೆಯನ್ನೂ ಪೇರಿಸಿ, ಮುಂದೆ ಬರಲಿರುವ ಭಾರವನ್ನು ಮುಂಗಡವಾಗಿ ಹೊರಿಸಿದ. ಗೋಪುರ ಮೇಲೇರಿದಂತೆ ಒಳಗಿನ ಕಬ್ಬಿಣವನ್ನು ತೆಗೆಯುತ್ತ ಹೋದರು. ಇರುವ ಗೋಪುರ, ಬರುವ ಗೋಪುರ ಎರಡೂ ನೆಲಕ್ಕೆ ಒಂದೇ ತೂಕವಾಗಿ ಕಂಡವು.

ಇಷ್ಟಾಗಿಯೂ ಕಟ್ಟಡ ಸೊಟ್ಟಗೆ ಮುಳುಗಿತು. ಇದನ್ನು ಮರೆಮಾಚುವ ಅಗತ್ಯವಿಲ್ಲ. ಹೊರಗೋಡೆಗೆ ಇಟ್ಟಿಗೆ ಮತ್ತು ಸುಟ್ಟ ಮಣ್ಣಿನ ಹೊದಿಕೆ ಎಂದು ಲೆಕ್ಕ ಹಾಕಿ ಪಾದಗಳನ್ನು ಹಾಕಲಾಗಿತ್ತು. ಪಾದ ಬಿದ್ದ ಮೇಲೆ ನಿರ್ಧಾರ ಬದಲಾಗಿ ಗ್ರಾನೈಟು, ಸುಣ್ಣಕಲ್ಲು ಬಂದವು. ಗೋಡೆಗಳು ಲೆಕ್ಕಕ್ಕಿಂತ ಭಾರವಾದವು. ಕೆಲವೆಡೆ ಇಳಿತ ಎರಡಡಿ ದಾಟಿತು. ಒಳಹಜಾರದ ನೆಲದಲ್ಲಿ ಆ ಇಳಿಜಾರು ಕಾಲಿಗೆ ತಿಳಿಯುತ್ತದೆ ಎನ್ನುತ್ತಾರೆ. ಆಡ್ಲರ್ ಲೆಕ್ಕದಲ್ಲಿ ತಪ್ಪಲಿಲ್ಲ, ಆದರೆ ಬದಲಾದ ನಿರ್ಧಾರಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ಆತನೂ ಇದ್ದನಲ್ಲವೇ? ಆತನ ಪಾಲನ್ನು ಎತ್ತಿ ಹಿಡಿಯುವವರು ಇದನ್ನೂ ಆ ಪಾಲಿಗೇ ಸೇರಿಸಬೇಕು.

ಇನ್ನು ದನಿ. ನಾದದ ಗಣಿತವನ್ನು ವಾಲೇಸ್ ಸಬೀನ್ ಹಾರ್ವರ್ಡ್‌ನಲ್ಲಿ ಪ್ರಯೋಗ ಮಾಡಿ ಕಂಡುಕೊಳ್ಳಲು ತೊಡಗಿದ್ದು 1895ರಲ್ಲಿ. ಅದರ ಫಲವಾದ ಬಾಸ್ಟನ್ ಸಿಂಫನಿ ಹಾಲ್ ತೆರೆದದ್ದು 1900ರ ಅಕ್ಟೋಬರಿನಲ್ಲಿ, ಆಡ್ಲರ್ ಸತ್ತು ಆರು ತಿಂಗಳಾದ ಮೇಲೆ. ಅಂದರೆ ಆಡ್ಲರನ ಕಾಲಕ್ಕೆ ಈ ವಿದ್ಯೆಯಲ್ಲಿ ಅನುಭವವೇ ಗ್ರಂಥ. ಆತನಿಗಿದ್ದದ್ದು ಲೆಕ್ಕವಲ್ಲ, ಒಳಗಿನ ಅರಿವು ಎಂಬರ್ಥದ ಮಾತನ್ನು ಸಲಿವನ್ ಆಡಿದ್ದಾನೆ. ಪ್ರೀತಿಯ ಮಾತೇ, ಆದರೆ ಪೂರ್ತಿ ಸರಿಯಲ್ಲ. ಹಡಗು ಕಟ್ಟುವುದರಲ್ಲಿ ಹೆಸರಾದ ಸ್ಕಾಟ್‌ಲೆಂಡಿನ ಜಾನ್ ಸ್ಕಾಟ್ ರಸೆಲ್ 1838ರಲ್ಲಿ ಒಂದು ವಕ್ರರೇಖೆಯನ್ನು ಸೂಚಿಸಿದ್ದ: ಪ್ರತಿ ಸಾಲಿನ ಕೇಳುಗನಿಗೂ ಮುಂದಿನ ತಲೆಯ ಅಡ್ಡಿಯಿಲ್ಲದೆ ದನಿ ಸಮನಾಗಿ ತಲುಪಬೇಕಾದರೆ ನೆಲ ಹಿಂದೆ ಹೋದಂತೆ ಹೇಗೆ ಏರಬೇಕು ಎಂಬುದು. ಆಡ್ಲರ್ ಅದನ್ನು ಓದಿ, ಪಳಗಿಸಿಕೊಂಡು ಬಳಸಿದ. 1888ರಲ್ಲಿ ರಂಗಯಂತ್ರಗಳ ಕುಶಲಿಯೊಬ್ಬನ ಜತೆ ಯುರೋಪಿಗೆ ಹೋಗಿ ಅಲ್ಲಿನ ರಂಗಮಂದಿರಗಳನ್ನು ನೋಡಿಕೊಂಡು ಬಂದ. ವೇದಿಕೆಯನ್ನು ತುಂಡುತುಂಡಾಗಿ ಎತ್ತಿ ಇಳಿಸುವ ನೀರೊತ್ತಡದ ಯಂತ್ರಗಳನ್ನು ಆಡಿಟೋರಿಯಮ್ಮಿಗೆ ತಂದದ್ದು ಆ ಪ್ರವಾಸದ ಫಲ. ಮೇಲಿನ ಗ್ಯಾಲರಿಗಳನ್ನು ಮುಚ್ಚುವ ಕೀಲಿನ ಛಾವಣಿ ಫಲಕಗಳೂ ಇದ್ದವು. ಜನ ಕಡಿಮೆ ಇರುವ ದಿನ ಅವನ್ನು ಇಳಿಸಿದರೆ ಹಾಲು ಕಿರಿದಾಗುತ್ತಿತ್ತು, ದನಿ ಖಾಲಿ ಜಾಗದಲ್ಲಿ ಕಳೆದುಹೋಗುತ್ತಿರಲಿಲ್ಲ.

ಆಡಿಟೋರಿಯಮ್ಮಿನ ಹೆಗ್ಗುರುತು ಎಂದರೆ ಛಾವಣಿಯ ದೀರ್ಘವೃತ್ತಾಕಾರದ ಕಮಾನುಗಳು. ವೇದಿಕೆಯಿಂದ ಹೊರಟು ಒಂದರ ಹಿಂದೊಂದು ಅಗಲವಾಗುತ್ತ ಬರುತ್ತವೆ, ಕಹಳೆಯ ಬಾಯಿ ತೆರೆದುಕೊಂಡ ಹಾಗೆ. ಚಿನ್ನದ ಬಣ್ಣದ ಬಳ್ಳಿ ಎಲೆಗಳ ಅಲಂಕಾರ, ನಡುನಡುವೆ ಸಾಲು ಸಾಲು ಬರಿಯ ಬಲ್ಬುಗಳು. ಚಿತ್ರಗಳಲ್ಲಿ ಇವನ್ನು ನೋಡಿದವರೆಲ್ಲ ಸಲಿವನ್‌ನ ಕೈಚಳಕ ಎನ್ನುತ್ತಾರೆ. ಅಲಂಕಾರದ ಮಟ್ಟಿಗೆ ಅದು ನಿಜ, ಆ ಕಾಲದ ಅಮೆರಿಕದಲ್ಲಿ ಅವನ ಸಮ ಇರಲಿಲ್ಲ. ಆದರೆ ಕಮಾನು ಅಲ್ಲಿಗೆ ಬಂದದ್ದು ದನಿಗಾಗಿ. ಹಾಡುಗಾರನ ಉಸಿರನ್ನು ಚದುರಿಸದೆ ಹಿಂದಿನ ಸಾಲಿನವರೆಗೆ ಸಾಗಿಸುವ ಮೇಲ್ಮೈ ಅದು. ಅದೇ ಕಮಾನಿನ ಟೊಳ್ಳಿನೊಳಗಿಂದ ತೊಳೆದು ತಂಪಾಗಿಸಿದ ಗಾಳಿ ಬರುತ್ತದೆ, ಹೂಬಳ್ಳಿಯ ನಡುವಿನ ಜಾಲಂಧ್ರಗಳೇ ಅದರ ಬಾಯಿ. ದನಿ, ಗಾಳಿ, ಬೆಳಕು ಮೂರನ್ನೂ ಹೊರುವ ಒಂದು ಆಕಾರ, ಅದರ ಮೈಮೇಲೆ ಚಿನ್ನದ ಬಳ್ಳಿ. ಇಲ್ಲಿ ಎಂಜಿನಿಯರ್ ಎಲ್ಲಿ ಮುಗಿದ, ಕಲಾವಿದ ಎಲ್ಲಿ ಶುರುವಾದ? ಗೆರೆ ಎಳೆಯಲು ಹೊರಟವರು ಬಳ್ಳಿಯನ್ನು ಕಿತ್ತು ಸಲಿವನ್‌ಗೆ, ಕೊಳವೆಯನ್ನು ಕಿತ್ತು ಆಡ್ಲರನಿಗೆ ಕೊಡಬೇಕಾಗುತ್ತದೆ. ಆಕಾರ ಯಾರ ಪಾಲಿಗೂ ಉಳಿಯುವುದಿಲ್ಲ. ಹಾಲಿನ ಆಕಾರವನ್ನು ಕಲ್ಪಿಸಿದವನನ್ನು ವಾಸ್ತುಶಿಲ್ಪಿ ಎನ್ನದೆ ಬೇರೇನು ಎನ್ನುವುದು?

1889ರ ಡಿಸೆಂಬರ್ 9ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಎದುರಿನಲ್ಲಿ ರಂಗಮಂದಿರ ಉದ್ಘಾಟನೆಯಾಯಿತು, ಅಡೆಲಿನಾ ಪಟ್ಟಿ ಹಾಡಿದಳು. ಸಂಸ್ಥೆ ತನ್ನ ಕಚೇರಿಯನ್ನು ಅದೇ ಗೋಪುರದ ತುದಿಗೆ ಸಾಗಿಸಿತು. 1888ರಲ್ಲಿ ಸೇರಿದ್ದ ಯುವಕ ರೈಟ್ ಅಲ್ಲಿಯೇ ನಕ್ಷೆ ಬಿಡಿಸಿದ್ದು. ಸಲಿವನ್‌ನನ್ನು ಜೀವಮಾನವಿಡೀ ಗುರುವೆಂದೇ ಕರೆದ ರೈಟ್, ಆಡ್ಲರನನ್ನು ದೊಡ್ಡ ಯಜಮಾನನೆಂದು ಗೌರವದಿಂದ ಚಿತ್ರಿಸಿದ್ದಾನೆ. ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಕಟ್ಟುವಾಗ ಅದರ ವಾಸ್ತುಶಿಲ್ಪಿ ವಿಲಿಯಂ ಟಟ್‌ಹಿಲ್‌ಗೆ ಸಲಹೆಗಾರನಾಗಿದ್ದವನೂ ಆಡ್ಲರನೇ.

ಮುಂದಿನ ಐದಾರು ವರ್ಷಗಳ ಕಟ್ಟಡಗಳನ್ನು ಎಲ್ಲ ಪಠ್ಯಗಳೂ ವಿವರಿಸುವುದರಿಂದ ಇಲ್ಲಿ ಹೆಸರಿಸಿದರೆ ಸಾಕು: ಸೇಂಟ್ ಲೂಯಿಸ್‌ನ ವೇನ್‌ರೈಟ್, ಶಿಕಾಗೋದ ಶಿಲರ್ ರಂಗಮಂದಿರ, 1893ರ ವಿಶ್ವಮೇಳದ ಸಾರಿಗೆ ಭವನ, ಬಫಲೋದ ಗ್ಯಾರಂಟಿ. ಶಿಕಾಗೋ ಸ್ಟಾಕ್ ಎಕ್ಸ್‌ಚೇಂಜ್ ಮಾತ್ರ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. 1893ರಲ್ಲಿ ಅಲ್ಲಿ ಅಡಿಪಾಯಕ್ಕೆ ಮರದ ಕಂಬಗಳನ್ನು ಬಡಿಯಬೇಕಿತ್ತು. ಪಶ್ಚಿಮದ ಮಗ್ಗುಲಲ್ಲಿ ಪತ್ರಿಕೆಯೊಂದರ ಮುದ್ರಣ ಯಂತ್ರಗಳು ಓಡುತ್ತಿದ್ದವು, ಬಡಿತದ ಅದುರು ಅವನ್ನು ಕೆಡಿಸುತ್ತಿತ್ತು. ಎಂಜಿನಿಯರ್ ವಿಲಿಯಂ ಸೂಯ್ ಸ್ಮಿತ್ ಸಲಹೆಯಂತೆ ಆ ಬದಿಗೆ ಬಾವಿಗಳನ್ನು ತೋಡಿ ಕಾಂಕ್ರೀಟು ತುಂಬಿದರು. ಕಟ್ಟಡಗಳಡಿ ಬಾವಿ ತೋಡಿ ಗಟ್ಟಿ ನೆಲ ಮುಟ್ಟುವ ಈ ಪದ್ಧತಿ ಬಳಿಕ ಶಿಕಾಗೋದ ವಾಡಿಕೆಯಾಯಿತು. ಆಡಿಟೋರಿಯಮ್ಮಿನ ಇಳಿತವನ್ನು ಕಣ್ಣಾರೆ ಕಂಡವನು ಇಂಥ ಹೊಸ ದಾರಿಗೆ ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ.

1893ರ ಆರ್ಥಿಕ ಕುಸಿತದಿಂದ ಕೆಲಸ ನಿಂತಿತು. ಆಡ್ಲರನಿಗೆ ಮೂವರು ಮಕ್ಕಳು, ಸಲಿವನ್ ಒಂಟಿ. 1895ರ ಜುಲೈನಲ್ಲಿ ಆಡ್ಲರ್ ಸಂಸ್ಥೆ ಬಿಟ್ಟು ಕ್ರೇನ್ ಲಿಫ್ಟ್ ಕಂಪನಿಗೆ ಸೇರಿದ, ವರ್ಷಕ್ಕೆ 25,000 ಡಾಲರ್ ಸಂಬಳ. ಆರು ತಿಂಗಳೂ ಒಗ್ಗಲಿಲ್ಲ. ಮತ್ತೆ ಕೂಡೋಣವೆಂದಾಗ ಸಲಿವನ್ ಒಪ್ಪಲಿಲ್ಲ. ಬಿಟ್ಟುಹೋದ ನೋವು ಅವನಿಗೆ ದೊಡ್ಡದಾಗಿತ್ತು. ತಪ್ಪು ಯಾರದೆಂದು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಕೆಲಸವಿಲ್ಲದ ಕಚೇರಿಯಲ್ಲಿ ಇಬ್ಬರ ಸಂಕಟವೂ ನಿಜ.

ಆ ಒಡಕಿನ ಮರುವರ್ಷವೇ ಇಬ್ಬರ ವಿಚಾರಗಳೂ ಎದುರುಬದುರಾದವು, ಇದನ್ನು ಸಾಕಷ್ಟು ಜನ ಗಮನಿಸಿಲ್ಲ. ಸಲಿವನ್‌ನ ಪ್ರಸಿದ್ಧ ಪ್ರಬಂಧ, ಎತ್ತರದ ಕಚೇರಿ ಕಟ್ಟಡವನ್ನು ಕುರಿತದ್ದು, 1896ರಲ್ಲಿ ಅಚ್ಚಾಯಿತು. ಅದೇ ವರ್ಷ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಸಮ್ಮೇಳನದಲ್ಲಿ ಉಕ್ಕು ಮತ್ತು ಗಾಜಿನ ಬಗ್ಗೆ ಪ್ರಬಂಧ ಮಂಡಿಸಿದ ಆಡ್ಲರ್, ಹಳೆಯ ಜೊತೆಗಾರನ ಸೂತ್ರವನ್ನು ನೇರವಾಗಿಯೇ ತಿದ್ದಿದ. ರೂಪವನ್ನು ನಿರ್ಧರಿಸುವುದು ಉಪಯೋಗವೊಂದೇ ಅಲ್ಲ, ಪರಿಸರವೂ ಹೌದು ಎಂದ. ಸಿಗುವ ಸಾಮಗ್ರಿ, ನೆಲ, ಹಣ, ಕಾಲ ಎಲ್ಲ ಆ ಪರಿಸರದೊಳಗೆ ಬರುತ್ತವೆ. ಸಲಿವನ್‌ನ ಸೂತ್ರ ಬೀಜದೊಳಗಿನ ಮರವನ್ನು ನೋಡುತ್ತದೆ; ಆಡ್ಲರನ ತಿದ್ದುಪಡಿ ಬೀಜ ಬಿದ್ದ ಮಣ್ಣನ್ನೂ ನೋಡುತ್ತದೆ. ಜೇಡಿಯಲ್ಲಿ ಮುಳುಗುವ ಗೋಪುರವನ್ನು ತಡೆದು ನಿಲ್ಲಿಸಿದವನಿಗೆ ಮಾತ್ರ ಬರಬಹುದಾದ ತಿದ್ದುಪಡಿ ಅದು. ವ್ಯವಹಾರ ನೋಡಿಕೊಳ್ಳುತ್ತಿದ್ದವನು ಎಂಬ ಒಂದು ಸಾಲಿನಲ್ಲಿ ಈ ಚಿಂತಕನಿಗೆ ಜಾಗವಿಲ್ಲ. ವಾಸ್ತುಶಿಲ್ಪಿಗಳಿಗೆ ಪರವಾನಗಿ ಕಡ್ಡಾಯ ಮಾಡಿದ ಅಮೆರಿಕದ ಮೊದಲ ಕಾನೂನು 1897ರಲ್ಲಿ ಇಲಿನಾಯ್ ರಾಜ್ಯದಲ್ಲಿ ಬಂದದ್ದರ ಹಿಂದೆಯೂ ಆತನ ದುಡಿಮೆಯಿದೆ.

1900ರ ಏಪ್ರಿಲ್ 16ರಂದು, 55ನೆಯ ವಯಸ್ಸಿನಲ್ಲಿ ಆಡ್ಲರ್ ತೀರಿಕೊಂಡ. ಅದೇ ವರ್ಷ ಸೆಂಟ್ರಲ್ ಮ್ಯೂಸಿಕ್ ಹಾಲನ್ನು ಕೆಡವಿದರು. ಅದರ ನುಣುಪು ಗ್ರಾನೈಟಿನ ಕಂಬವೊಂದು ಆತನ ಸಮಾಧಿಯ ಮೇಲೆ ನಿಂತಿತು. ಸಲಿವನ್ ಇನ್ನೂ 24 ವರ್ಷ ಬದುಕಿದ. ಒಡಕಿನ ನಂತರ ಅವನಿಗೆ ದಕ್ಕಿದ ಕಟ್ಟಡಗಳು ಇಪ್ಪತ್ತರ ಆಸುಪಾಸು. ಕೊನೆಗೆ ಬಡತನದಲ್ಲಿ ಸತ್ತ. ಇದನ್ನು ಹಿಡಿದು ಆಡ್ಲರನಿಲ್ಲದೆ ಸಲಿವನ್ ಇಲ್ಲ ಎಂದು ಸಾಧಿಸುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ವಿಶ್ವಮೇಳದ ನಂತರ ಅಮೆರಿಕದ ಅಭಿರುಚಿ ಗ್ರೀಕ್ ರೋಮನ್ ಮಾದರಿಗಳತ್ತ ಹೊರಳಿತ್ತು; ಅದು ಯಾರ ಜೊತೆಗಾರಿಕೆಯಿಂದಲೂ ನಿಲ್ಲುವ ಗಾಳಿಯಾಗಿರಲಿಲ್ಲ.

ಹೀಗಾಗಿ ವಾದವನ್ನು ಸಲಿವನ್‌ನ ಸೋಲಿನ ಮೇಲೆ ನಿಲ್ಲಿಸದೆ, ಆಡ್ಲರ್ ಒಬ್ಬನೇ ಕಟ್ಟಿದ್ದರ ಮೇಲೆ ನಿಲ್ಲಿಸುವುದು ನ್ಯಾಯ. ಅದಕ್ಕೆ ಒಂದು ಅಪೂರ್ವ ಜೋಡಿ ಶಿಕಾಗೋದ ದಕ್ಷಿಣ ಭಾಗದಲ್ಲಿದೆ. ತಂದೆ ಒಂದು ಕಾಲಕ್ಕೆ ರಬ್ಬಿಯಾಗಿದ್ದ ಸಭೆಗಾಗಿ ಇಬ್ಬರೂ ಕೂಡಿ 1890-91ರಲ್ಲಿ ಒಂದು ಪ್ರಾರ್ಥನಾಮಂದಿರ ಕಟ್ಟಿದ್ದರು. ಒಡಕಿನ ನಂತರ, 1898-99ರಲ್ಲಿ, ಆಡ್ಲರ್ ಸಲಿವನ್‌ನ ಕೈಯಿಲ್ಲದೆ ಇನ್ನೊಂದನ್ನು ಕಟ್ಟಿದ, ಅದು ಐಸಾಯಾ ಮಂದಿರ. ಆತನ ಕೊನೆಯ ಮುಖ್ಯ ಕೆಲಸ. ಹೊರಗಿನಿಂದ ನೋಡಿದರೆ ಸಾಂಪ್ರದಾಯಿಕ ಅಭಿಜಾತ ಶೈಲಿ. ಚಿನ್ನದ ಬಳ್ಳಿಯ ಮಾಂತ್ರಿಕತೆ ಅಲ್ಲಿಲ್ಲ, ಆ ಕೊರತೆ ಕಾಣುತ್ತದೆ. 1920ರ ದಶಕದ ಆರಂಭದಲ್ಲಿ, ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಶಿಕಾಗೋಗೆ ವಲಸೆ ಬರುತ್ತಿದ್ದ ಕಾಲದಲ್ಲಿ, ಎರಡೂ ಮಂದಿರಗಳು ಬ್ಯಾಪ್ಟಿಸ್ಟ್ ಚರ್ಚುಗಳ ಕೈಸೇರಿದವು. ಮೊದಲನೆಯದು ಪಿಲ್ಗ್ರಿಂ, ಎರಡನೆಯದು ಎಬನೀಜರ್. ಪಿಯಾನೋ ವಾದಕ ಥಾಮಸ್ ಡಾರ್ಸಿ 1931ರಲ್ಲಿ ಎಬನೀಜರಿನಲ್ಲಿ ಹೊಸ ಬಗೆಯ ಭಕ್ತಿಗೀತೆಗಳ ಮೇಳ ಕಟ್ಟಿದ. ಮರುವರ್ಷ ಪಿಲ್ಗ್ರಿಮ್ಮಿಗೆ ಹೋಗಿ ಅಲ್ಲಿಯೇ ದಶಕಗಳ ಕಾಲ ಸಂಗೀತ ನಿರ್ದೇಶಕನಾಗಿದ್ದ. ಇಂದು ಗಾಸ್ಪೆಲ್ ಎಂದು ಜಗತ್ತು ಕರೆಯುವ ಸಂಗೀತ ಬೆಳೆದದ್ದು ಈ ಎರಡು ಛಾವಣಿಗಳ ಕೆಳಗೆ.

ಪಿಲ್ಗ್ರಿಂ 2006ರ ಜನವರಿ 6ರಂದು ಬೆಂಕಿಗೆ ತುತ್ತಾಯಿತು. ಛಾವಣಿ ಹೋಗಿ ಕಲ್ಲಿನ ಗೋಡೆಗಳು ಉಳಿದವು. ಡಾರ್ಸಿಯ ಮೇಳ ಮೊದಲು ದನಿಯೆತ್ತಿದ್ದು ಆಡ್ಲರ್ ಒಬ್ಬನೇ ಕಟ್ಟಿದ ಆ ಇನ್ನೊಂದು ಹಾಲಿನಲ್ಲಿ.